22ರಲ್ಲಿ 9 ಮಾತ್ರ ಗಬ್ಬ: ತಪ್ಪು ಬೀಜದ ಕುದುರೆಯದೇ?

ಪ್ರಶ್ನೆ: ನಮ್ಮದು ಬೇಸಾಯವನ್ನೇ ನಂಬಿದ ಜಿಲ್ಲೆ. ಸುತ್ತಲಿನ ಹಳ್ಳಿಗಳಲ್ಲಿ ಗಾಡಿಗೂ ಸವಾರಿಗೂ ಬಳಸುವ ಸಣ್ಣ ಗಾತ್ರದ ಹೆಣ್ಣು ಕುದುರೆಗಳು ಸಾಕಷ್ಟಿವೆ, ಒಳ್ಳೆಯ ಬೀಜದ ಕುದುರೆ ಇರಲಿಲ್ಲ. ಎರಡು ವರ್ಷದ ಹಿಂದೆ ನಾನೂ ನನ್ನ ಅಣ್ಣನೂ ಸೇರಿ ವಂಶಾವಳಿ ಪತ್ರವಿರುವ ಎರಡು ಗಂಡು ಕುದುರೆಗಳನ್ನು ತಂದೆವು. ಒಂದಕ್ಕೆ 7 ವರ್ಷ, ಇನ್ನೊಂದಕ್ಕೆ 4. ತಂದೆ ಒಂದೇ, ತಾಯಿ ಬೇರೆ. ಕಳೆದ ವರ್ಷ ಚಳಿ ಮುಗಿಯುವ ಹೊತ್ತಿಗೆ, ಹೊಲದ ಕೆಲಸ ಕಡಿಮೆ ಇದ್ದಾಗ, ದೊಡ್ಡದನ್ನು 22 ಕುದುರೆಗಳಿಗೆ ಕೂಡಿಸಿದೆವು. 9 ಮಾತ್ರ ಗಬ್ಬ ನಿಂತವು. ಅದಕ್ಕೆ ಒಂದು ತಿಂಗಳ ಮೊದಲು ಅದು ನಾಲ್ಕು ದಿನ ಜ್ವರದಿಂದ ಮಲಗಿತ್ತು. ಈಗ ಊರಿನಲ್ಲಿ ‘ಪತ್ರ ಇದ್ದರೇನು, ಬೀಜವಿಲ್ಲ’ ಎನ್ನುತ್ತಿದ್ದಾರೆ. ಇಷ್ಟು ಎತ್ತರದ ಗಂಡಿಗೆ ಕೂಡಿಸಿದರೆ ಸಣ್ಣ ಕುದುರೆ ಹೆರಿಗೆಯಲ್ಲಿ ಸಾಯುತ್ತದೆ ಎಂದು ಕೆಲವರು ಹೆದರಿದ್ದಾರೆ. ಹಿಂದೆ ಕತ್ತೆಗೆ ಕೂಡಿಸಿದ್ದ ಹೆಣ್ಣಿಗೆ ಇನ್ನು ಶುದ್ಧ ಮರಿ ಹುಟ್ಟುವುದಿಲ್ಲವೆಂದು ಒಬ್ಬ ಹಿರಿಯರು ಹೇಳಿದರು. ಮುಂದೆ ಕುದುರೆಯನ್ನು ಮನೆಯಲ್ಲೇ ಇಟ್ಟುಕೊಳ್ಳಬೇಕೇ, ಹಳ್ಳಿಹಳ್ಳಿಗೆ ಒಯ್ಯಬೇಕೇ, ಕೃತಕ ಗರ್ಭಧಾರಣೆಗೆ ಹೋಗಬೇಕೇ? ಶುಲ್ಕವನ್ನು ಹೇಗೆ ಇಟ್ಟುಕೊಳ್ಳಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವುಗಳ ಬುಡದಲ್ಲಿರುವ ಆತಂಕ ಒಂದೇ ಎಂದು ನನಗನ್ನಿಸಿತು: ಹಣವನ್ನೂ ಎರಡು ವರ್ಷದ ಶ್ರಮವನ್ನೂ ಹಾಕಿ ತಂದ ಕುದುರೆ ನಿಜಕ್ಕೂ ಫಲವಂತವೇ, ಅದನ್ನು ನೆರೆಯ ರೈತರಿಗೆ ಒದಗಿಸುವುದರಿಂದ ಅವರಿಗೆ ಒಳಿತಾಗುತ್ತದೆಯೇ, ಕೇಡಾಗುತ್ತದೆಯೇ ಎಂಬುದು. ಇಪ್ಪತ್ತೈದು ವರ್ಷಗಳಿಂದ ಕುದುರೆಗಳ ಸಂತಾನೋತ್ಪತ್ತಿಯನ್ನೇ ನೋಡಿಕೊಂಡು ಬಂದ ಪಶುವೈದ್ಯನಾಗಿ ಮೊದಲೇ ಒಂದು ಮಾತು ಹೇಳುತ್ತೇನೆ. ನೀವು ಬರೆದ ವಿವರಗಳಲ್ಲಿ ಆ ಕುದುರೆಯನ್ನು ಬಂಜೆ ಎನ್ನಲು ಯಾವ ಆಧಾರವೂ ಇಲ್ಲ. ಆದರೆ ಅದು ಫಲವಂತ ಎನ್ನಲು ಬೇಕಾದ ಪರೀಕ್ಷೆಯೂ ಈವರೆಗೆ ನಡೆದಂತೆ ಕಾಣುವುದಿಲ್ಲ.

ಮೊದಲು ಲೆಕ್ಕವನ್ನು ನೋಡೋಣ. ಆರೋಗ್ಯವಂತ ಹೆಣ್ಣು, ಫಲವಂತ ಗಂಡು, ನುರಿತ ಕೈ, ಈ ಮೂರೂ ಇದ್ದಾಗಲೂ ಒಂದು ಬೆದೆಯಲ್ಲಿ ಕೂಡಿಸಿದ ಕುದುರೆಗಳಲ್ಲಿ ಗಬ್ಬ ನಿಲ್ಲುವುದು ನೂರಕ್ಕೆ 60ರಿಂದ 65 ಮಾತ್ರ. ಋತುವಿನ ಕೊನೆಗೆ ನೂರಕ್ಕೆ 85 ದಾಟುವುದು ಸಾಧ್ಯವಾಗುವುದು ತಪ್ಪಿದವುಗಳನ್ನು ಮುಂದಿನ ಬೆದೆಯಲ್ಲಿ ಮತ್ತೆ ಕರೆತರುವುದರಿಂದ. ನಿಮ್ಮ ಬಳಿಗೆ ಬಂದ 22 ಕುದುರೆಗಳಲ್ಲಿ ಹೆಚ್ಚಿನವು ಒಂದೇ ಬಾರಿ ಬಂದು ಹೋಗಿದ್ದರೆ, ಎಲ್ಲವೂ ಸರಿಯಾಗಿದ್ದ ಪಕ್ಷದಲ್ಲಿ ನಿರೀಕ್ಷಿಸಬಹುದಾಗಿದ್ದದ್ದು 13 ಅಥವಾ 14. ಬಂದದ್ದು 9. ಅಂದರೆ ನೀವು ಉತ್ತರ ಹುಡುಕಬೇಕಾದದ್ದು ನಾಲ್ಕೈದು ಕುದುರೆಗಳಿಗೆ, ಹದಿಮೂರಕ್ಕಲ್ಲ. ಆ ನಾಲ್ಕೈದಕ್ಕೆ ಸಾಕಾಗುವಷ್ಟು ಕಾರಣಗಳು ನಿಮ್ಮ ಪತ್ರದಲ್ಲೇ ಇವೆ.

ಮೊದಲ ಕಾರಣ ನೀವು ಆರಿಸಿಕೊಂಡ ಕಾಲ. ಹೊಲದ ಕೆಲಸ ಕಡಿಮೆಯಾದಾಗ ರೈತನಿಗೆ ಬಿಡುವಾಗುತ್ತದೆ, ಆಗ ಕುದುರೆಯನ್ನು ಹೊಡೆದುಕೊಂಡು ಬರುತ್ತಾನೆ. ಆದರೆ ಹೆಣ್ಣು ಕುದುರೆಯ ಅಂಡಾಶಯ ನೋಡುವುದು ಹಗಲಿನ ಉದ್ದವನ್ನು. ಹಗಲು ಮೊಟಕಾದ ತಿಂಗಳುಗಳಲ್ಲಿ ಹಲವು ಕುದುರೆಗಳು ಬೆದೆಗೇ ಬರುವುದಿಲ್ಲ. ಸಮಭಾಜಕಕ್ಕೆ ಹತ್ತಿರದ ಪ್ರದೇಶಗಳಲ್ಲಿ ಈ ವ್ಯತ್ಯಾಸ ಕಡಿಮೆ, ದೂರ ಹೋದಂತೆ ಹೆಚ್ಚು. ಚಳಿ ಮುಗಿದು ಹಗಲು ಬೆಳೆಯತೊಡಗಿದಾಗ ನಡುವೆ ಒಂದು ಸಂಧಿಕಾಲ ಬರುತ್ತದೆ. ಆಗ ಕುದುರೆ ಹತ್ತು ಹದಿನೈದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಬೆದೆಯ ಲಕ್ಷಣಗಳನ್ನು ತೋರಿಸುತ್ತಲೇ ಇರುತ್ತದೆ, ಗಂಡನ್ನು ಒಪ್ಪಿಕೊಳ್ಳುತ್ತದೆ, ಆದರೆ ಅಂಡಾಶಯದಿಂದ ಅಂಡ ಬಿಡುಗಡೆಯೇ ಆಗುವುದಿಲ್ಲ. ಆ ದಿನಗಳಲ್ಲಿ ಎಷ್ಟು ಬಾರಿ ಕೂಡಿಸಿದರೂ ಅದು ಹದ ಬಾರದ ಹೊಲಕ್ಕೆ ಬಿತ್ತಿದ ಬೀಜ. ನಿಮ್ಮ 22ರಲ್ಲಿ ಎಷ್ಟು ಕುದುರೆಗಳು ವಾರ ಕಳೆದರೂ ಬೆದೆಯಿಂದ ಇಳಿಯದೆ ಇದ್ದವು ಎಂದು ಅವುಗಳ ಮಾಲೀಕರನ್ನು ಕೇಳಿ ನೋಡಿ. ಋತುವನ್ನು ಬೇಗ ಆರಂಭಿಸಲೇಬೇಕೆಂದಿದ್ದರೆ ಲಾಯದಲ್ಲಿ ದೀಪ ಹಾಕಿ ದಿನಕ್ಕೆ ಒಟ್ಟು 16 ಗಂಟೆ ಬೆಳಕು ಸಿಗುವಂತೆ ಮಾಡುವ ವಿಧಾನವಿದೆ. ಅದನ್ನು ಎರಡು ತಿಂಗಳು ಮೊದಲೇ ಶುರುಮಾಡಬೇಕಾಗುತ್ತದೆ; ಹಳ್ಳಿಯ ಬಿಡಿ ಬಿಡಿ ಕುದುರೆಗಳಿಗೆ ಅದಕ್ಕಿಂತ ಒಂದೆರಡು ತಿಂಗಳು ಕಾಯುವುದೇ ಸುಲಭ.

ಎರಡನೆಯದು ಜ್ವರ. ವೃಷಣಗಳು ದೇಹದ ಉಳಿದ ಭಾಗಕ್ಕಿಂತ ತಂಪಾಗಿದ್ದಾಗಲೇ ಸರಿಯಾಗಿ ಕೆಲಸ ಮಾಡುತ್ತವೆ. ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 57 ದಿನ ಬೇಕು, ಅದು ಪಕ್ವವಾಗಿ ಹೊರಬರಲು ಮತ್ತೆ ಒಂದು ವಾರಕ್ಕೂ ಮಿಕ್ಕಿದ ಕಾಲ ಬೇಕು. ಆದ್ದರಿಂದ ನಾಲ್ಕು ದಿನದ ಜ್ವರದ ಪರಿಣಾಮ ಕುದುರೆ ಚೇತರಿಸಿಕೊಂಡು ಹೇಷಾರವ ಮಾಡುತ್ತಾ ಓಡಾಡತೊಡಗಿದ ಮೇಲೂ ಎರಡು ತಿಂಗಳು ವೀರ್ಯದಲ್ಲಿ ಉಳಿದಿರಬಹುದು. ನಿಮ್ಮ ಕುದುರೆ ಜ್ವರದಿಂದ ಎದ್ದ ಒಂದು ತಿಂಗಳಿಗೇ ಕೆಲಸಕ್ಕೆ ಇಳಿದಿದೆ. ಉತ್ಸಾಹದಲ್ಲಿ ಕೊರತೆ ಇರದಿದ್ದರೂ ವೀರ್ಯದಲ್ಲಿ ಕೊರತೆ ಇದ್ದಿರಬಹುದು. ಈ ಎರಡಕ್ಕೂ ಸಂಬಂಧವಿಲ್ಲ ಎಂಬುದನ್ನು ಮಾಲೀಕರಿಗೆ ಒಪ್ಪಿಸಲು ನಾನು ಪ್ರತಿ ವರ್ಷವೂ ಕಷ್ಟಪಡುತ್ತೇನೆ.

ಮೂರನೆಯದು ಬೆದೆಯೊಳಗಿನ ಹೊತ್ತು. ಕುದುರೆಯ ಬೆದೆ ಸುಮಾರು 21 ದಿನಕ್ಕೊಮ್ಮೆ ಬಂದು ಐದರಿಂದ ಏಳು ದಿನ ಇರುತ್ತದೆ, ಅಂಡ ಬಿಡುಗಡೆಯಾಗುವುದು ಆ ಬೆದೆಯ ಕೊನೆಯ ಒಂದೆರಡು ದಿನಗಳಲ್ಲಿ. ಬಿಡುಗಡೆಯಾದ ಅಂಡ ಅರ್ಧ ದಿನವೂ ಬಾಳುವುದಿಲ್ಲ. ಒಳ್ಳೆಯ ವೀರ್ಯ ಮಾತ್ರ ಹೆಣ್ಣಿನ ಒಡಲಲ್ಲಿ ಎರಡು ದಿನ ಬದುಕಿರುತ್ತದೆ. ಬೆದೆಯ ಮೊದಲ ದಿನ ಕರೆತಂದು, ಒಮ್ಮೆ ಕೂಡಿಸಿ, ಸಂಜೆಯೇ ಹಿಂದಕ್ಕೆ ಕರೆದೊಯ್ದರೆ ಅಂಡ ಬರುವ ಹೊತ್ತಿಗೆ ವೀರ್ಯ ಉಳಿದಿರುವುದಿಲ್ಲ. ಬೆದೆಯ ಎರಡನೆಯ ಅಥವಾ ಮೂರನೆಯ ದಿನದಿಂದ ಆರಂಭಿಸಿ, ಹೆಣ್ಣು ಗಂಡನ್ನು ನಿರಾಕರಿಸುವವರೆಗೆ ದಿನ ಬಿಟ್ಟು ದಿನ ಕೂಡಿಸುವುದು ಯಾವ ಉಪಕರಣವೂ ಇಲ್ಲದೆ ಪಾಲಿಸಬಹುದಾದ ಕ್ರಮ. ಅದಕ್ಕಾಗಿ ಹೆಣ್ಣನ್ನು ನಿಮ್ಮಲ್ಲಿ ಒಂದು ವಾರ ಇರಿಸಿಕೊಳ್ಳಬೇಕು. ಪ್ರತಿದಿನ ಗಟ್ಟಿಯಾದ ಅಡ್ಡಗೋಡೆ ಅಥವಾ ಮರದ ತಡೆಯ ಆಚೆ ಈಚೆ ನಿಲ್ಲಿಸಿ ಅದು ಬಾಲ ಎತ್ತುತ್ತದೆಯೇ, ಹಿಂಗಾಲು ಅಗಲಿಸಿ ಮೂತ್ರ ಚಿಮ್ಮಿಸುತ್ತದೆಯೇ, ಕಿವಿ ಹಿಂದಕ್ಕೆ ಒತ್ತಿ ಕಿರುಚಿ ಒದೆಯುತ್ತದೆಯೇ ಎಂದು ನೋಡಿ ಬರೆದಿಡಬೇಕು. ಕಾಲಡಿಯಲ್ಲಿ ಮರಿಯಿರುವ ತಾಯಿ ಬೆದೆಯಲ್ಲಿದ್ದರೂ ತೋರಿಸಿಕೊಳ್ಳದಿರಬಹುದು. ಮರಿ ಹಾಕಿದ ಏಳರಿಂದ ಹತ್ತು ದಿನಕ್ಕೆ ಬರುವ ಮೊದಲ ಬೆದೆಯಲ್ಲಿ, ಮಾಸು ತಡವಾಗಿ ಬಿದ್ದಿದ್ದರೆ ಅಥವಾ ಹೆರಿಗೆ ಕಷ್ಟವಾಗಿದ್ದರೆ, ಕೂಡಿಸದೆ ಮುಂದಿನ ಬೆದೆಗೆ ಕಾಯುವುದು ಕ್ಷೇಮ.

ಇನ್ನೊಂದು ಸಣ್ಣ ವಿಷಯವನ್ನು ಹಲವರು ಗಮನಿಸುವುದೇ ಇಲ್ಲ. ಗಂಡು ಏರಿ ಇಳಿದ ಮಾತ್ರಕ್ಕೆ ಕೆಲಸ ಆಯಿತೆಂದು ಅರ್ಥವಲ್ಲ. ವೀರ್ಯ ಬೀಳುವಾಗ ಗಂಡಿನ ಬಾಲ ಮೇಲೆ ಕೆಳಗೆ ತಾಳಬದ್ಧವಾಗಿ ಅಲುಗುತ್ತದೆ, ಶಿಶ್ನದ ಕೆಳಬದಿಯಲ್ಲಿ ಮೂತ್ರನಾಳದ ಮಿಡಿತ ಕೈಗೆ ಸಿಗುತ್ತದೆ. ಅನುಭವವಿರುವವರು ಪಕ್ಕದಲ್ಲಿ ನಿಂತು ಇದನ್ನು ಖಚಿತಪಡಿಸಿಕೊಳ್ಳಬೇಕು. ಅರ್ಧಕ್ಕೇ ಇಳಿದದ್ದನ್ನೂ ದಾಖಲೆಯಲ್ಲಿ ‘ಕೂಡಿಸಿದೆ’ ಎಂದು ಬರೆದಿದ್ದನ್ನು ನಾನು ಬಹಳ ಕಡೆ ಕಂಡಿದ್ದೇನೆ.

ಆ ‘9’ ಎಂಬ ಸಂಖ್ಯೆ ಹೇಗೆ ಬಂತೆಂದು ನೀವು ಬರೆದಿಲ್ಲ. ಮತ್ತೆ ಬೆದೆಗೆ ಬಂದಿಲ್ಲ ಎಂಬುದೊಂದೇ ಆಧಾರವಾಗಿದ್ದರೆ ಅದನ್ನು ನಂಬಬೇಡಿ. ಕೂಡಿಸಿದ 14ರಿಂದ 16ನೆಯ ದಿನದೊಳಗೆ ಸ್ಕ್ಯಾನ್ ಮಾಡಿಸಿದರೆ ಗಬ್ಬವೂ ಗೊತ್ತಾಗುತ್ತದೆ, ಅವಳಿ ಇದೆಯೇ ಎಂಬುದೂ ಗೊತ್ತಾಗುತ್ತದೆ. ಕುದುರೆಯಲ್ಲಿ ಅವಳಿ ಶುಭಸುದ್ದಿಯಲ್ಲ. ಬಹುಪಾಲು ಅವಳಿ ಗಬ್ಬಗಳು ನಡುವೆಯೇ ಜಾರಿಹೋಗುತ್ತವೆ ಅಥವಾ ತಾಯಿಯ ಜೀವಕ್ಕೆ ಕುತ್ತು ತರುತ್ತವೆ, ಒಂದನ್ನು ತೆಗೆಯುವುದು ಆ ಆರಂಭದ ದಿನಗಳಲ್ಲೇ ಸುಲಭ. 28–30ನೆಯ ದಿನ ಇನ್ನೊಮ್ಮೆ ನೋಡಿ ಭ್ರೂಣದ ಹೃದಯ ಬಡಿತ ಇದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. 35 ದಿನ ದಾಟಿದ ಮೇಲೆ ಗಬ್ಬ ಕಳೆದುಹೋದರೆ ಕುದುರೆ ಹಲವು ವಾರ ಬೆದೆಗೆ ಬರುವುದೇ ಇಲ್ಲ. ಮಾಲೀಕ ಗಬ್ಬವಿದೆಯೆಂದೇ ನಂಬಿಕೊಂಡಿರುತ್ತಾನೆ, ಆ ವರ್ಷ ಕೈತಪ್ಪಿರುತ್ತದೆ. ಹದಿನೈದು ದಾಟಿದ ಹೆಣ್ಣು ಕುದುರೆಗಳಲ್ಲಿ ಗಬ್ಬ ನಿಲ್ಲುವುದೂ ಉಳಿಯುವುದೂ ಕಡಿಮೆ. ಆ ಕೊರತೆಯನ್ನು ಗಂಡಿನ ಖಾತೆಗೆ ಬರೆಯುವುದು ನ್ಯಾಯವಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಪರೀಕ್ಷೆ ಮಾಡಿಸದೆ ಮುಂದಿನ ಋತುವಿಗೆ ಹೋಗಬೇಡಿ. ಎರಡೂ ಗಂಡುಗಳಿಗೆ ಒಂದು ವಾರ ವಿಶ್ರಾಂತಿ ಕೊಟ್ಟು, ಒಂದು ಗಂಟೆಯ ಅಂತರದಲ್ಲಿ ಎರಡು ಬಾರಿ ವೀರ್ಯ ಸಂಗ್ರಹಿಸಿ ನೋಡುವುದು ರೂಢಿಯಲ್ಲಿರುವ ಕ್ರಮ. ಎರಡನೆಯ ಸಂಗ್ರಹದಲ್ಲಿ ರೂಪ ಸರಿಯಾಗಿದ್ದು ಮುಂದಕ್ಕೆ ಚಲಿಸುವ ವೀರ್ಯಾಣುಗಳು ಕನಿಷ್ಠ 100 ಕೋಟಿ ಇರಬೇಕು. ಎರಡೂ ವೃಷಣಗಳು ಚೀಲಕ್ಕೆ ಇಳಿದಿರಬೇಕು, ಅವುಗಳ ಒಟ್ಟು ಅಗಲ 8 ಸೆಂಟಿಮೀಟರಿಗಿಂತ ಕಡಿಮೆ ಇರಬಾರದು. ನಿಮ್ಮ ನಾಲ್ಕು ವರ್ಷದ ಕುದುರೆ ಪ್ರದರ್ಶನಕ್ಕೆ ತಯಾರಾದದ್ದಾಗಿದ್ದರೆ, ಮೈ ತುಂಬಲೆಂದು ಅದಕ್ಕೆ ಹಿಂದೆ ಅನಾಬಾಲಿಕ್ ಸ್ಟೀರಾಯ್ಡ್ ಚುಚ್ಚಿದ್ದರೇ ಎಂದು ಮಾರಿದವರನ್ನು ವಿಚಾರಿಸಿ. ಅದು ವೃಷಣವನ್ನು ಕುಗ್ಗಿಸಿ ವೀರ್ಯಾಣುಗಳ ಸಂಖ್ಯೆಯನ್ನು ಇಳಿಸುತ್ತದೆ.

ಪರೀಕ್ಷೆಯ ಫಲಿತಾಂಶವನ್ನು ಒಂದೇ ಬಾರಿಗೆ ಅಂತಿಮವೆಂದು ಹಿಡಿಯಬೇಡಿ ಎಂದು ನಾನು ಹೇಳುವುದಕ್ಕೆ ಕಾರಣವಿದೆ. ವೃತ್ತಿಯ ಆರಂಭದ ದಿನಗಳಲ್ಲಿ ತಣ್ಣನೆಯ ಗಾಜಿನ ನಳಿಗೆಯಲ್ಲಿ ಹಿಡಿದ ಒಂದೇ ಮಾದರಿಯನ್ನು ನೋಡಿ, ಚಲನೆಯೇ ಇಲ್ಲವೆಂದು, ಒಂದು ಒಳ್ಳೆಯ ಕುದುರೆಯನ್ನು ನಾನು ಬಂಜೆಯೆಂದು ಹೇಳಿಬಿಟ್ಟೆ. ಮಾಲೀಕರು ನನ್ನ ಮಾತು ನಂಬಿ ಅದನ್ನು ಅಗ್ಗಕ್ಕೆ ಮಾರಿದರು, ಕೊಂಡವರ ಮನೆಯಲ್ಲಿ ಮರುವರ್ಷವೇ ಅದರ ಮರಿಗಳು ಓಡಾಡಿದವು. ವೀರ್ಯಾಣುಗಳನ್ನು ಕೊಂದದ್ದು ನನ್ನ ನಳಿಗೆಯ ತಂಪು. ನೀರು, ಸಾಬೂನಿನ ಅಂಶ, ಬಿಸಿಲು ಕೂಡ ಹಾಗೆಯೇ ಕೊಲ್ಲುತ್ತವೆ. ಅಂದಿನಿಂದ ಎಲ್ಲ ಸಲಕರಣೆಯನ್ನೂ 37 ಡಿಗ್ರಿಗೆ ಬೆಚ್ಚಗೆ ಮಾಡಿಕೊಳ್ಳದೆ ನಾನು ಸಂಗ್ರಹಕ್ಕೆ ನಿಂತಿಲ್ಲ, ಕೆಟ್ಟ ಫಲಿತಾಂಶ ಬಂದರೆ ಎರಡು ತಿಂಗಳು ಬಿಟ್ಟು ಮತ್ತೆ ನೋಡದೆ ತೀರ್ಪು ಕೊಟ್ಟಿಲ್ಲ.

ಈಗ ಊರಿನ ಮಾತುಗಳಿಗೆ ಬರುತ್ತೇನೆ. ದೊಡ್ಡ ಗಂಡಿನಿಂದ ಸಣ್ಣ ಹೆಣ್ಣಿಗೆ ಹೆರಿಗೆಯಲ್ಲಿ ಸಾವು ಎಂಬ ಭಯ ಬಹಳ ಹಳೆಯದು, ಅದಕ್ಕೆ ಉತ್ತರವೂ ಹಳೆಯದೇ. 1938ರಲ್ಲಿ ವಾಲ್ಟನ್ ಮತ್ತು ಹ್ಯಾಮಂಡ್ ಎಂಬ ವಿಜ್ಞಾನಿಗಳು ಭಾರೀ ಗಾತ್ರದ ಶೈರ್ ಕುದುರೆಗಳನ್ನೂ ಪುಟ್ಟ ಶೆಟ್ಲೆಂಡ್ ಕುದುರೆಗಳನ್ನೂ ಕೃತಕ ಗರ್ಭಧಾರಣೆಯ ಮೂಲಕ ಎರಡೂ ದಿಕ್ಕಿನಲ್ಲಿ ಕೂಡಿಸಿದ ಫಲಿತಾಂಶವನ್ನು ಪ್ರಕಟಿಸಿದರು. ಶೈರ್ ತಾಯಿಗೆ ಹುಟ್ಟಿದ ಮಿಶ್ರ ಮರಿ ಶೆಟ್ಲೆಂಡ್ ತಾಯಿಗೆ ಹುಟ್ಟಿದ ಮಿಶ್ರ ಮರಿಗಿಂತ ಸುಮಾರು ಮೂರು ಪಟ್ಟು ತೂಗುತ್ತಿತ್ತು. ಎರಡರಲ್ಲಿಯೂ ತಂದೆ ತಾಯಿಯ ಬೆರಕೆ ಒಂದೇ ಆಗಿದ್ದರೂ ಹುಟ್ಟುವಾಗಿನ ಗಾತ್ರವನ್ನು ನಿರ್ಧರಿಸಿದ್ದು ತಾಯಿಯ ಒಡಲು. ಪುಟ್ಟ ಶೆಟ್ಲೆಂಡ್ ತಾಯಂದಿರು ತಮ್ಮ ಅಳತೆಗೆ ತಕ್ಕ ಮರಿಗಳನ್ನೇ ಹೆತ್ತವು. ಕುದುರೆಯಲ್ಲಿ ಹೆರಿಗೆ ಸಿಕ್ಕಿಕೊಳ್ಳುವುದಕ್ಕೆ ಹೆಚ್ಚಾಗಿ ಕಾರಣವಾಗುವುದು ಮರಿಯ ಉದ್ದನೆಯ ಕಾಲು ಅಥವಾ ಕತ್ತು ಮಡಚಿಕೊಂಡು ಬರುವುದು. ಅದು ಯಾವ ಗಂಡಿನ ಮರಿಯಲ್ಲಿಯೂ ಆಗಬಹುದು.

ಹಾಗೆಂದು ಆ ಭಯ ಪೂರ್ತಿ ಹುಸಿಯಲ್ಲ. ಅಪಾಯ ಇರುವುದು ಹೆರಿಗೆಗಿಂತ ಕೂಡಿಸುವ ಹೊತ್ತಿನಲ್ಲಿ. ಗಂಡಿನ ಅಂಗ ಉದ್ದವಾಗಿದ್ದು ಹೆಣ್ಣು ಗಿಡ್ಡವಾಗಿದ್ದರೆ ಯೋನಿಯ ಒಳಗೋಡೆ ಹರಿಯುವುದುಂಟು. ಹೊರಗೆ ಸ್ವಲ್ಪವೇ ರಕ್ತ ಕಂಡರೂ ಒಳಗೆ ಹೊಟ್ಟೆಯ ಪೊರೆಗೆ ಸೋಂಕು ತಗುಲಿ ಕುದುರೆ ಸಾಯಬಹುದು. ಇದಕ್ಕಾಗಿ 10–15 ಸೆಂಟಿಮೀಟರ್ ದಪ್ಪದ, ಮೆತ್ತೆ ಸುತ್ತಿ ತೊಳೆಯಬಲ್ಲ ಹೊದಿಕೆ ಹಾಕಿದ ದಿಂಡನ್ನು ಗಂಡು ಏರುವಾಗ ಅದರ ಅಂಗದ ಮೇಲುಗಡೆ, ಹೆಣ್ಣಿನ ಹಿಂಭಾಗಕ್ಕೂ ಗಂಡಿಗೂ ನಡುವೆ ಹಿಡಿಯುತ್ತಾರೆ. ಅಷ್ಟರಿಂದ ಒಳಹೋಗುವ ಉದ್ದ ಕಡಿಮೆಯಾಗುತ್ತದೆ. ಎತ್ತರದ ವ್ಯತ್ಯಾಸ ಬಹಳವಿದ್ದರೆ ಕೂಡಿಸಬೇಡಿ, ಆ ಹೆಣ್ಣಿಗೆ ಕೃತಕ ಗರ್ಭಧಾರಣೆಯೇ ದಾರಿ. ಹುಟ್ಟಿದ ಮರಿ ತಿಂಗಳು ಕಳೆದಂತೆ ತಂದೆಯ ಕಡೆಗೆ ಬೆಳೆಯತೊಡಗಿದಾಗ ಸಣ್ಣ ತಾಯಿಯ ಹಾಲು ಸಾಲದೆ ಹೋಗಬಹುದು ಎಂಬುದನ್ನೂ ರೈತರಿಗೆ ಮೊದಲೇ ತಿಳಿಸಿ.

ಕತ್ತೆಯ ವಿಷಯದಲ್ಲಿ ಆ ಹಿರಿಯರು ಹೇಳಿದ್ದನ್ನು ಒಂದು ಕಾಲದಲ್ಲಿ ದೊಡ್ಡ ವಿದ್ವಾಂಸರೂ ನಂಬಿದ್ದರು. ಹೆಣ್ಣು ಅರೇಬಿಯನ್ ಕುದುರೆಯೊಂದನ್ನು ಕ್ವಾಗಾ ಎಂಬ, ಈಗ ಅಳಿದುಹೋಗಿರುವ ಪಟ್ಟೆ ಪ್ರಾಣಿಗೆ ಕೂಡಿಸಿ, ಆಮೇಲೆ ಕಪ್ಪು ಅರೇಬಿಯನ್ ಗಂಡಿಗೆ ಕೂಡಿಸಿದಾಗ ಹುಟ್ಟಿದ ಮರಿಗಳ ಕಾಲಲ್ಲೂ ಪಟ್ಟೆಗಳಿದ್ದವು ಎಂಬ ಲಾರ್ಡ್ ಮಾರ್ಟನ್ ಅವರ ವರದಿ 1821ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಡಾರ್ವಿನ್ ಕೂಡ ಅದನ್ನು ಗಂಭೀರವಾಗಿ ತೆಗೆದುಕೊಂಡಿದ್ದರು. 1890ರ ದಶಕದಲ್ಲಿ ಸ್ಕಾಟ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಕೊಸರ್ ಯೂಅರ್ಟ್ ಅವರು ಜೀಬ್ರಾ ಗಂಡನ್ನು ಬಳಸಿ ಇದನ್ನು ಪರೀಕ್ಷಿಸಿದಾಗ ಹಿಂದಿನ ಗಂಡಿನ ಗುಣ ಮುಂದಿನ ಮರಿಗೆ ಬರುತ್ತದೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ಕಾಲಿನ ಪಟ್ಟೆ ಸಾಮಾನ್ಯ ಕುದುರೆ ಮರಿಗಳಲ್ಲೂ ಕಾಣುತ್ತದೆ. ನಿಜವಾಗಿ ಉಳಿಯಬಹುದಾದದ್ದು ಎರಡು: ಹಿಂದಿನ ಕೂಡಿಕೆಯಿಂದ ಬಂದ ಸೋಂಕು, ಮತ್ತು ತಾಯಿಯ ರಕ್ತದಲ್ಲಿ ಮರಿಯ ರಕ್ತಕಣಗಳ ವಿರುದ್ಧ ಹುಟ್ಟಿಕೊಂಡ ಪ್ರತಿಕಾಯ. ಎರಡನೆಯದು ಇದ್ದರೆ ಗಿಣ್ಣುಹಾಲು ಕುಡಿದ ಮರಿ ಮೊದಲ ಕೆಲವು ದಿನಗಳಲ್ಲಿ ಕಾಮಾಲೆಯಾಗಿ ಬಳಲುತ್ತದೆ. ಆದರೆ ಕತ್ತೆಯ ರಕ್ತದ ವಿರುದ್ಧ ಹುಟ್ಟಿದ ಪ್ರತಿಕಾಯ ಮುಂದಿನ ಹೇಸರಗತ್ತೆ ಮರಿಗೆ ತೊಂದರೆ ಕೊಡುತ್ತದೆಯೇ ಹೊರತು ಕುದುರೆ ಮರಿಗಲ್ಲ. ಆ ಹೆಣ್ಣಿನ ಗರ್ಭಕೋಶದಲ್ಲಿ ಸೋಂಕಿಲ್ಲವೆಂದು ಪರೀಕ್ಷೆಯಾದ ಮೇಲೆ ನಿಶ್ಚಿಂತೆಯಿಂದ ಕೂಡಿಸಬಹುದು.

ಸೋಂಕಿನ ಮಾತು ಬಂದದ್ದರಿಂದ ಅದನ್ನು ಇಲ್ಲಿಯೇ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಇಡೀ ಯೋಜನೆಯಲ್ಲಿ ನನಗೆ ಅತಿ ಹೆಚ್ಚು ಚಿಂತೆ ಹುಟ್ಟಿಸಿದ್ದು ಇದೇ. ಒಂದು ಹೆಣ್ಣು ಕುದುರೆಗೆ ರೋಗವಿದ್ದರೆ ನಷ್ಟ ಒಬ್ಬರಿಗೆ. ಬೀಜದ ಕುದುರೆಗೆ ಇದ್ದರೆ ಜಿಲ್ಲೆಗೇ. 1977ರಲ್ಲಿ ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ ಮೊದಲು ಗುರುತಿಸಲಾದ ಸಾಂಕ್ರಾಮಿಕ ಗರ್ಭಕೋಶದ ಉರಿಯೂತವು ಹೆಣ್ಣುಗಳಲ್ಲಿ ಸ್ರಾವವನ್ನೂ ಬಂಜೆತನವನ್ನೂ ತಂದರೆ, ಅದನ್ನು ಹೊತ್ತ ಗಂಡಿನಲ್ಲಿ ಯಾವ ಲಕ್ಷಣವೂ ಇರುವುದಿಲ್ಲ. ರಕ್ತನಾಳಗಳಿಗೆ ಉರಿಯೂತ ತರುವ ವೈರಲ್ ಆರ್ಟರೈಟಿಸ್ ರೋಗ ತಗುಲಿದ ಗಂಡುಗಳಲ್ಲಿ ಕೆಲವು ವರ್ಷಗಟ್ಟಲೆ ವೀರ್ಯದಲ್ಲಿ ವೈರಾಣು ಬಿಡುತ್ತವೆ. ಡೂರಿನ್ ಎಂಬ, ಕೂಡಿಕೆಯಿಂದಲೇ ಹರಡುವ ರೋಗಕ್ಕೆ ಲಸಿಕೆಯೇ ಇಲ್ಲ. ಗ್ಲ್ಯಾಂಡರ್ಸ್ ಎಂಬ ಬ್ಯಾಕ್ಟೀರಿಯಾ ರೋಗ ಮನುಷ್ಯರಿಗೂ ಅಂಟುತ್ತದೆ. ಋತುವಿಗೆ ಮುಂಚೆ ನಿಮ್ಮ ಎರಡೂ ಗಂಡುಗಳ ಅಂಗದಿಂದ ಸ್ವ್ಯಾಬ್ ತೆಗೆಸಿ, ಇವುಗಳ ಜೊತೆಗೆ ಸಾಂಕ್ರಾಮಿಕ ರಕ್ತಹೀನತೆಗೂ ರಕ್ತ ಪರೀಕ್ಷೆ ಮಾಡಿಸಿ, ವರದಿಯನ್ನು ಕೇಳಿದ ರೈತರಿಗೆಲ್ಲ ತೋರಿಸಿ. ಬರುವ ಹೆಣ್ಣಿಗೂ ಅದೇ ನಿಯಮವಿರಲಿ. ಸ್ರಾವವಿರುವ ಹೆಣ್ಣನ್ನು, ಅದು ಎಷ್ಟೇ ಆಪ್ತರದ್ದಾದರೂ, ಹಿಂದಕ್ಕೆ ಕಳುಹಿಸಿ.

ಮನೆಯಲ್ಲೇ ಇಡುವುದೇ, ಹಳ್ಳಿಗೆ ಒಯ್ಯುವುದೇ ಎಂಬುದಕ್ಕೆ ನನ್ನ ಉತ್ತರ ಇದರಿಂದಲೇ ಹುಟ್ಟುತ್ತದೆ. ಗಂಡು ಕುದುರೆಯನ್ನು ಗೊತ್ತಾದ ದಾರಿಯಲ್ಲಿ ಊರಿಂದೂರಿಗೆ ನಡೆಸಿಕೊಂಡು ಹೋಗುವ ಪದ್ಧತಿ ಬ್ರಿಟನ್ನಿನ ರೈತರ ನಡುವೆ ದೀರ್ಘಕಾಲ ಇತ್ತು. ಸಣ್ಣ ರೈತನ ಬಾಗಿಲಿಗೆ ಒಳ್ಳೆಯ ತಳಿ ತಲುಪಿದ್ದು ಹಾಗೆಯೇ. ಆದರೆ ದಿನಕ್ಕೊಂದು ಊರಿನಲ್ಲಿ ಅಂಗಳ ಬೇರೆ, ನೆಲ ಬೇರೆ, ಹಿಡಿಯುವವರು ಬೇರೆ, ಅಪಘಾತವೂ ಸೋಂಕೂ ಹೆಚ್ಚು, ಬೆದೆಯ ಸರಿಯಾದ ದಿನಕ್ಕೆ ಕಾಯಲು ವ್ಯವಧಾನವಿಲ್ಲ. ಗಂಡುಗಳನ್ನು ಗೊತ್ತಾದ ಠಾಣೆಗಳಲ್ಲಿ ನಿಲ್ಲಿಸಿ ಹೆಣ್ಣುಗಳನ್ನು ಅಲ್ಲಿಗೆ ತರಿಸುವ ಕ್ರಮ ನಿಮಗೆ ಹೊಂದುತ್ತದೆ. 1735ರಲ್ಲಿ ಸ್ಥಾಪನೆಯಾದ ಜರ್ಮನಿಯ ಸೆಲ್ಲೆ ತಳಿಕೇಂದ್ರ ರೈತರ ಕುದುರೆಗಳನ್ನು ಸುಧಾರಿಸಿದ್ದು ಈ ಬಗೆಯಲ್ಲಿ, ಹ್ಯಾನೋವೇರಿಯನ್ ತಳಿ ಬೆಳೆದದ್ದೂ ಅಲ್ಲಿಂದ. ಪ್ರಾಯದ ಗಂಡಿಗೆ ಒಂದು ಋತುವಿನಲ್ಲಿ 40ರ ಆಸುಪಾಸು ಹೆಣ್ಣುಗಳು ಸಾಕು. ನಾಲ್ಕು ವರ್ಷದ್ದಕ್ಕೆ ಇದು ಮೊದಲ ಋತುವಾದ್ದರಿಂದ ಹದಿನೈದನ್ನು ಮೀರದಿರಲಿ, ಅವೂ ಅನುಭವವಿರುವ ಶಾಂತ ಹೆಣ್ಣುಗಳಾಗಿರಲಿ.

ಕೃತಕ ಗರ್ಭಧಾರಣೆಯಿಂದ ಒದೆತದ ಭಯವೂ ಒಳಗೋಡೆ ಹರಿಯುವ ಭಯವೂ ತಪ್ಪುತ್ತದೆ, ಒಮ್ಮೆ ಸಂಗ್ರಹಿಸಿದ ವೀರ್ಯವನ್ನು ಹಲವು ಹೆಣ್ಣುಗಳಿಗೆ ಹಂಚಬಹುದು. 5 ಡಿಗ್ರಿಯ ತಂಪಿನಲ್ಲಿ ಅದು ಒಂದೆರಡು ದಿನ ಉಳಿಯುತ್ತದೆ. ಹೆಪ್ಪುಗಟ್ಟಿಸಿದ ವೀರ್ಯಕ್ಕಾದರೆ ಅಂಡ ಬಿಡುಗಡೆಯ ಆಚೀಚೆಯ ಕೆಲವೇ ಗಂಟೆಗಳಲ್ಲಿ ಹಾಕಬೇಕಾದ್ದರಿಂದ ಪದೇ ಪದೇ ಸ್ಕ್ಯಾನ್ ಬೇಕಾಗುತ್ತದೆ, ಎಲ್ಲ ಗಂಡುಗಳ ವೀರ್ಯವೂ ಹೆಪ್ಪನ್ನು ತಾಳುವುದಿಲ್ಲ. ರೋಗವಿರುವ ಗಂಡಿನ ವೀರ್ಯ ನಳಿಗೆಯ ಮೂಲಕ ಹೋದರೂ ರೋಗವನ್ನು ಒಯ್ಯುತ್ತದೆ. ನಿಮ್ಮ ತಳಿಯ ನೋಂದಣಿ ಸಂಸ್ಥೆ ಅದನ್ನು ಒಪ್ಪುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಥರೋಬ್ರೆಡ್ ಎಂಬ ಪಂದ್ಯದ ಕುದುರೆಗಳ ತಳಿಯಲ್ಲಿ ಹಾಗೆ ಹುಟ್ಟಿದ ಮರಿಗೆ ನೋಂದಣಿಯೇ ಇಲ್ಲ.

ವಂಶಾವಳಿ ಪತ್ರದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕಾಗಿದೆ. ಅದು ಹೆತ್ತವರು ಯಾರೆಂದು ಹೇಳುತ್ತದೆ, ರೋಗದ ಜೀನ್ ಇಲ್ಲವೆಂದು ಹೇಳುವುದಿಲ್ಲ. ಅಮೆರಿಕದ ಕ್ವಾರ್ಟರ್ ಹಾರ್ಸ್ ತಳಿಯಲ್ಲಿ 1969ರಲ್ಲಿ ಹುಟ್ಟಿದ ‘ಇಂಪ್ರೆಸಿವ್’ ಎಂಬ ಗಂಡು ಪ್ರದರ್ಶನಗಳಲ್ಲಿ ಹೆಸರು ಮಾಡಿ ಅಪಾರ ಸಂತತಿಯನ್ನು ಪಡೆಯಿತು. ಸ್ನಾಯು ನಡುಗಿ ಕುಸಿಯುವಂತೆ ಮಾಡುವ ಆನುವಂಶಿಕ ರೋಗವೊಂದು ತಳಿಯ ತುಂಬ ಹರಡಿದ್ದು ಆ ಸಂತತಿಯ ಮೂಲಕವೇ. ನಿಮ್ಮ ತಳಿಗೆ ಸಂಬಂಧಿಸಿದ ಜೀನ್ ಪರೀಕ್ಷೆಗಳನ್ನು ಬುಡಸಹಿತ ಕಿತ್ತ ಕೆಲವು ಕೂದಲುಗಳಿಂದಲೇ ಮಾಡಿಸಬಹುದು.

ಇದರ ಜೊತೆಗೆ ಒಳತಳಿಯ, ಅಂದರೆ ಹತ್ತಿರದ ರಕ್ತಸಂಬಂಧಿಗಳನ್ನೇ ಕೂಡಿಸುವುದರ, ಲೆಕ್ಕವೂ ಇದೆ. ಈ ಬಾರಿ ಹುಟ್ಟುವ ಹೆಣ್ಣು ಮರಿಗಳು ಮೂರು ವರ್ಷ ತುಂಬಿದಾಗ ಜಿಲ್ಲೆಯಲ್ಲಿ ನಿಮ್ಮದೇ ಗಂಡುಗಳಿದ್ದರೆ ಮಗಳು ತಂದೆಯ ಬಳಿಗೇ ಬರುತ್ತಾಳೆ. ಅಂಥ ಮರಿಯ ಒಳತಳಿ ಪ್ರಮಾಣ ನೂರಕ್ಕೆ 25. ಒಂದರ ಮಗಳನ್ನು ಇನ್ನೊಂದಕ್ಕೆ ಕೂಡಿಸೋಣವೆಂದರೆ ಅವೆರಡೂ ಒಂದೇ ತಂದೆಯವು; ಪ್ರಮಾಣ 6.25ಕ್ಕೆ ಇಳಿಯುತ್ತದೆ, ಇಲ್ಲವಾಗುವುದಿಲ್ಲ. ಆದ್ದರಿಂದ ನಾಲ್ಕನೆಯ ಋತುವಿನ ಹೊತ್ತಿಗೆ ಎರಡರಲ್ಲಿ ಒಂದನ್ನು ದೂರದ ಯಾರೊಂದಿಗಾದರೂ ಬದಲಾಯಿಸಿಕೊಳ್ಳಲು ಈಗಿನಿಂದಲೇ ಮಾತು ಆರಂಭಿಸಿ. ಕುದುರೆ 25–30 ವರ್ಷ ಬದುಕುವ ಪ್ರಾಣಿ. ಮರಿ ಹುಟ್ಟಿದ ಮೇಲೆ ಅದಕ್ಕೆ ಕೆಲಸವೋ ಕೊಳ್ಳುವವರೋ ಇದ್ದಾರೆಯೇ ಎಂದು ಪ್ರತಿ ಮಾಲೀಕರನ್ನೂ ಕೇಳಿ. ಉತ್ತರವಿಲ್ಲದಿದ್ದರೆ ಆ ಹೆಣ್ಣನ್ನು ಕೂಡಿಸದಿರುವುದೇ ಮೇಲು ಎಂದು ನಾನು ನಂಬಿದ್ದೇನೆ.

ಶುಲ್ಕವನ್ನು ಕೂಡಿಕೆಗೊಂದರಂತೆ ಇಡಬೇಡಿ, ಅದರಿಂದ ಅವಸರ ಹೆಚ್ಚುತ್ತದೆ. ಸ್ವಲ್ಪ ಭಾಗವನ್ನು ಆರಂಭದಲ್ಲಿ, ಉಳಿದದ್ದನ್ನು ಗಬ್ಬ ಖಚಿತವಾದ ಮೇಲೆ ಪಡೆದು, ಮರಿ ಎದ್ದುನಿಂತು ಮೊಲೆ ಕುಡಿಯದಿದ್ದರೆ ಮುಂದಿನ ಋತುವಿನಲ್ಲಿ ಉಚಿತವಾಗಿ ಕೂಡಿಸುವುದಾಗಿ ಬರೆದುಕೊಡಿ. ಕುದುರೆಗಾಗಲಿ ಮನುಷ್ಯರಿಗಾಗಲಿ ಪೆಟ್ಟಾದರೆ ಹೊಣೆ ಯಾರದೆಂಬುದೂ ಅದೇ ಕಾಗದದಲ್ಲಿರಲಿ.

ಸದ್ಯಕ್ಕೆ ಆ ಒಂಬತ್ತು ತಾಯಂದಿರ ಕಡೆ ಗಮನ ಕೊಡಿ. ಕೂಡಿಸಿದ ದಿನದಿಂದ ಸುಮಾರು 340 ದಿನ ಎಣಿಸಿ ಪ್ರತಿ ಮಾಲೀಕರಿಗೂ ದಿನಾಂಕ ಬರೆದುಕೊಡಿ. ಕುದುರೆಗಳು ಹೆಚ್ಚಾಗಿ ಮರಿ ಹಾಕುವುದು ರಾತ್ರಿಯಲ್ಲಿ. ನೀರು ಒಡೆದ ಅರ್ಧ ಗಂಟೆಯಲ್ಲಿ ಮರಿ ಹೊರಬರದಿದ್ದರೆ, ಅಥವಾ ಮರಿ ಬಂದ ಮೂರು ಗಂಟೆಯಲ್ಲಿ ಮಾಸು ಬೀಳದಿದ್ದರೆ, ಬೆಳಗಾಗಲೆಂದು ಕಾಯದೆ ಪಶುವೈದ್ಯರನ್ನು ಕರೆಯಲು ಹೇಳಿ. ಮರಿ ಹುಟ್ಟಿದ ದಿನವೂ ಆರು ತಿಂಗಳಿಗೂ ಅದರ ಎತ್ತರ, ಕಾಲಿನ ನೇರ, ಹಲ್ಲುಗಳ ಜೋಡಣೆ ನೋಡಿ ಬರೆದಿಡಿ. ಆ ಪುಸ್ತಕದ ಜೊತೆಗೆ ಎರಡೂ ಗಂಡುಗಳ ವೀರ್ಯ ಪರೀಕ್ಷೆಯ ವರದಿ ಕಳುಹಿಸಿದರೆ, ಮುಂದಿನ ಋತುವಿಗೆ ಯಾವ ಹೆಣ್ಣಿಗೆ ಯಾವ ಗಂಡು ಎಂಬುದನ್ನು ಸೇರಿ ಯೋಚಿಸೋಣ.